ಮಗುವಿಗೆ ಹಳೆಯ ಲ್ಯಾಪ್‌ಟಾಪ್ ಕೊಡುವ ಮುನ್ನ: ಆಪರೇಟಿಂಗ್ ಸಿಸ್ಟಂ ಆಯ್ಕೆ ಮತ್ತು ಭದ್ರತೆ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕ ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, "ಇದನ್ನ ಇವಳಿಗೆ ಕೊಟ್ಟುಬಿಡೋಣ ಅಂತಿದ್ದೀನಿ, ಒಂದ್ಸಲ ನೋಡಿಕೊಡೋ" ಎಂದಳು. ಇವಳೆಂದರೆ ಆರನೇ ತರಗತಿಗೆ ಕಾಲಿಡಲಿದ್ದ ಅವಳ ಮಗಳು. ಯಂತ್ರ ಎದ್ದು ನಿಲ್ಲಲು ನಾಲ್ಕು ನಿಮಿಷ ಹಿಡಿಯಿತು. ಬ್ರೌಸರ್ ತೆರೆದರೆ ಅಕ್ಕನ ಬ್ಯಾಂಕಿನ ಪುಟ, ಅದರಲ್ಲಿ ಉಳಿಸಿಟ್ಟ ಪಾಸ್‌ವರ್ಡ್. ಇನ್ನೂ ಒಳಗೆ ನೋಡಿದಾಗ, ಹಿಂದೆ ಅದನ್ನು ರಿಪೇರಿ ಮಾಡಿದ ಅಂಗಡಿಯವರು ಪರವಾನಗಿಯಿಲ್ಲದ ವಿಂಡೋಸ್ 10 ಹಾಕಿ, ಅದನ್ನು ಸಕ್ರಿಯಗೊಳಿಸುವ ನಕಲಿ ಸಾಧನಕ್ಕೆ ಅಡ್ಡಿಯಾಗದಿರಲೆಂದು ಆಂಟಿವೈರಸ್ಸನ್ನೇ ನಿಲ್ಲಿಸಿಟ್ಟಿದ್ದು ಕಂಡಿತು. ಇಂಥ ಯಂತ್ರವನ್ನು ಇದ್ದ ಹಾಗೆಯೇ ಮಗುವಿನ ಕೈಗೆ ಕೊಡುವುದೆಂದರೆ, ಬೀಗ ಮುರಿದ ಮನೆಯಲ್ಲಿ ಮಗುವನ್ನು ಒಂಟಿಯಾಗಿ ಬಿಟ್ಟಂತೆ. ಎರಡು ದಿನ ಕುಳಿತು ಅದನ್ನು ಸರಿಪಡಿಸಿದ ಕ್ರಮವನ್ನು, ಇದೇ ಸ್ಥಿತಿಯಲ್ಲಿರುವ ಇತರ ತಂದೆತಾಯಂದಿರಿಗೂ ಅನುಕೂಲವಾಗಲೆಂದು ಇಲ್ಲಿ ವಿವರಿಸಿದ್ದೇನೆ.

ಮೊದಲು ಯಂತ್ರವನ್ನು ಅರಿತುಕೊಳ್ಳಿ

ಯಾವ ಆಪರೇಟಿಂಗ್ ಸಿಸ್ಟಂ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲೇ ಇದೆ. ಪ್ರೊಸೆಸರ್ ಯಾವ ತಲೆಮಾರಿನದು, ರ‍್ಯಾಮ್ ಎಷ್ಟು, ಒಳಗಿರುವುದು ತಿರುಗುವ ಹಾರ್ಡ್‌ಡಿಸ್ಕೋ, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿಯೋ ಎಂಬ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಇದ್ದುದು ಇಂಟೆಲ್‌ನ ಐದನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು 500 ಜಿಬಿ ಹಾರ್ಡ್‌ಡಿಸ್ಕ್. ಸಾಧ್ಯವಿದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ನಾಲ್ಕು ನಿಮಿಷದ ಕಾಯುವಿಕೆ ಅರ್ಧ ನಿಮಿಷದೊಳಗೆ ಇಳಿದಾಗ, ಹೊಸ ಕಂಪ್ಯೂಟರ್ ಕೊಳ್ಳುವ ಮಾತೇ ಮನೆಯಲ್ಲಿ ನಿಂತುಹೋಯಿತು.

ಲ್ಯಾಪ್‌ಟಾಪಿನ ಅಡಿಭಾಗವೋ ಟಚ್‌ಪ್ಯಾಡೋ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಬದಲಾಯಿಸುವವರೆಗೆ ಚಾರ್ಜ್ ಮಾಡಬಾರದು, ಮಗುವಿನ ಹತ್ತಿರಕ್ಕೂ ತರಬಾರದು. ಇನ್ನೊಂದು ಚಿಕ್ಕ ವಿಷಯವನ್ನು ಹಲವರು ಗಮನಿಸುವುದಿಲ್ಲ. ಮದರ್‌ಬೋರ್ಡ್ ಮೇಲಿನ ಗುಂಡಿಯಾಕಾರದ ಸೆಲ್ ಸತ್ತಿದ್ದರೆ ಗಡಿಯಾರ ಪ್ರತಿ ಬಾರಿಯೂ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ; ದಿನಾಂಕ ತಪ್ಪಿದ ಕೂಡಲೇ ಬ್ರೌಸರ್ ಪ್ರತಿಯೊಂದು ಜಾಲತಾಣವನ್ನೂ "ಸುರಕ್ಷಿತವಲ್ಲ" ಎಂದು ತಡೆಯುತ್ತದೆ. ಹೀಗಾದಾಗ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದೆ ಹೋಗುವುದನ್ನೇ ಮಗು ರೂಢಿ ಮಾಡಿಕೊಳ್ಳುತ್ತದೆ. ಆದ್ದರಿಂದ ಆ ಸೆಲ್ಲನ್ನು ಮೊದಲೇ ಬದಲಾಯಿಸಿ.

ಕಚೇರಿಯಿಂದ ಬಂದ ಲ್ಯಾಪ್‌ಟಾಪ್ ಆಗಿದ್ದರೆ, ಅದನ್ನು ಕಂಪನಿ ತನ್ನ ನಿರ್ವಹಣಾ ಪಟ್ಟಿಯಿಂದ ಬಿಡುಗಡೆ ಮಾಡಿದೆಯೇ ಎಂದು ಐಟಿ ವಿಭಾಗದಲ್ಲಿ ಕೇಳಿಕೊಳ್ಳಿ. ಬಿಡುಗಡೆಯಾಗದ ಯಂತ್ರಕ್ಕೆ ವಿಂಡೋಸ್ ಹೊಸದಾಗಿ ಹಾಕಿದರೂ ಅದು ಕಂಪನಿಯ ಲಾಗಿನ್ನನ್ನೇ ಕೇಳಬಹುದು.

ಆಯ್ಕೆಯ ಅಳತೆಗೋಲು: ಅಪ್‌ಡೇಟ್ ಎಲ್ಲಿಯವರೆಗೆ?

ನೋಟ, ಆಟ, ಅಭ್ಯಾಸ ಇವೆಲ್ಲ ಆಮೇಲಿನ ಮಾತು. ಸುರಕ್ಷತಾ ಅಪ್‌ಡೇಟ್‌ಗಳು ಯಾವ ದಿನಾಂಕದವರೆಗೆ ಬರುತ್ತವೆ ಎಂಬುದನ್ನೇ ನಾನು ಮೊದಲು ಕೇಳುವುದು. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಬೆಂಬಲ ನಿಂತದ್ದು 2020ರ ಜನವರಿ 14ರಂದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ವಿಂಡೋಸ್ 10ರಲ್ಲೇ ಉಳಿಯುವವರು ನೋಂದಾಯಿಸಿಕೊಂಡರೆ ಮತ್ತೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಆದರೆ ಅದು ಹೊಸದಕ್ಕೆ ದಾಟಿಕೊಳ್ಳಲು ಕೊಟ್ಟ ಕಾಲಾವಕಾಶವೇ ಹೊರತು, ಮಗುವಿನ ಮುಂದಿನ ನಾಲ್ಕೈದು ವರ್ಷಗಳ ಓದಿಗೆ ನೆಲೆಯಲ್ಲ.

ವಿಂಡೋಸ್ 11ಕ್ಕೆ ಬೇಕಾಗುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಆರಂಭವಾಗುವ ವ್ಯವಸ್ಥೆ), ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್. ನಿಮ್ಮ ಯಂತ್ರ ಈ ಪಟ್ಟಿಗೆ ಹೊಂದಿದರೆ, 8 ಜಿಬಿ ರ‍್ಯಾಮ್ ಇದ್ದರೆ, ಶಾಲೆ ವಿಂಡೋಸ್‌ನಲ್ಲೇ ಓಡುವ ತಂತ್ರಾಂಶವನ್ನು ಕೇಳುತ್ತಿದ್ದರೆ, ಸಕ್ರಮ ಪರವಾನಗಿಯ ವಿಂಡೋಸ್ 11 ಒಳ್ಳೆಯ ಆಯ್ಕೆಯೇ. ಹೊಂದದ ಯಂತ್ರಕ್ಕೆ ತಪಾಸಣೆಯನ್ನು ತಪ್ಪಿಸಿ ಅದನ್ನು ತುರುಕುವ ಉಪಾಯಗಳು ಚಾಲ್ತಿಯಲ್ಲಿವೆ. ಅಂಥ ಯಂತ್ರಗಳಿಗೆ ಅಪ್‌ಡೇಟಿನ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲವಾದ್ದರಿಂದ ಮಗುವಿನ ಯಂತ್ರದಲ್ಲಿ ಆ ಪ್ರಯೋಗ ಬೇಡ.

ಕೇವಲ ಬ್ರೌಸರ್‌ನಲ್ಲೇ ಕೆಲಸ ಮುಗಿಯುವ ಮನೆಗೆ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಇದೆ. ಅದರಲ್ಲಿ ಪ್ಲೇ ಸ್ಟೋರ್ ಇರುವುದಿಲ್ಲ ಎಂಬುದು ನೆನಪಿರಲಿ. ನಾನು ಅಕ್ಕನ ಯಂತ್ರಕ್ಕೆ ಆರಿಸಿದ್ದು ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್‌ನ 22ನೇ ಸರಣಿಯ, ಹಳೆಯ ಯಂತ್ರಗಳಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಉಚಿತ, 4 ಜಿಬಿ ರ‍್ಯಾಮ್‌ನಲ್ಲಿ ತಕರಾರಿಲ್ಲದೆ ಓಡುತ್ತದೆ, ಕೆಳಗಿನ ಪಟ್ಟಿ ಮತ್ತು ಮೆನು ವಿಂಡೋಸ್ ಕಂಡವರಿಗೆ ಹೊಸದೆನಿಸುವುದಿಲ್ಲ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಪಡೆಯುತ್ತದೆ. ಶಾಲೆಯ ಕೆಲಸಕ್ಕೆ ತೊಂದರೆಯಾಗದೇ ಎಂಬ ಅಕ್ಕನ ಅಳುಕು ಸಹಜವಾದದ್ದೇ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯುವ ಸ್ಕ್ರ್ಯಾಚ್ ಬ್ರೌಸರ್‌ನಲ್ಲೇ ನಡೆಯುತ್ತದೆ. ಮುಂದೆ ಐಸಿಎಸ್‌ಇ ಶಾಲೆಗಳಲ್ಲಿ ಜಾವಾ ಕಲಿಕೆಗೆ ಬಳಸುವ ಬ್ಲೂಜೆ, ಸಿಬಿಎಸ್‌ಇಯ ಪೈಥಾನ್ ಎರಡೂ ಲಿನಕ್ಸ್‌ನಲ್ಲಿ ಸಲೀಸು. ಬರಹಕ್ಕೆ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿವೆ.

ಹಳತನ್ನು ಅಳಿಸಿ, ಹೊಸತನ್ನು ಹಾಕಿ

ಫೋಟೋಗಳು, ದಾಖಲೆಗಳು ಏನಿದ್ದರೂ ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಬ್ರೌಸರ್‌ನಲ್ಲಿರುವ ಎಲ್ಲ ಖಾತೆಗಳಿಂದ ಹೊರಬಂದು, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ತೆಗೆದುಹಾಕಿ. ಅಂಗಡಿಯ ನಕಲಿ ಸಾಧನ ಇದ್ದ ಯಂತ್ರವಾದರೆ ಅಲ್ಲಿ ಟೈಪ್ ಮಾಡಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೊಂದು ಸುರಕ್ಷಿತ ಸಾಧನದಿಂದ ಬದಲಾಯಿಸುವುದು ಕಡ್ಡಾಯ. ಅಕ್ಕ ಆ ಸಂಜೆಯೇ ಬ್ಯಾಂಕಿನದನ್ನೂ ಮಿಂಚಂಚೆಯದನ್ನೂ ಬದಲಾಯಿಸಿದಳು. ಹೊಸ ಎಸ್‌ಎಸ್‌ಡಿ ಹಾಕಿಸಿದ್ದರೆ ಹಳೆಯ ಹಾರ್ಡ್‌ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ. ಅದರಲ್ಲಿ ನಿಮ್ಮ ಸಂಸಾರದ ಹತ್ತು ವರ್ಷದ ಕಾಗದಪತ್ರಗಳಿವೆ.

ಮಿಂಟನ್ನು ಹಾಕಲು ಬೇಕಾದ ಐಎಸ್‌ಒ ಕಡತವನ್ನು ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಇಳಿದ ಕಡತದ ಎಸ್‌ಎಚ್‌ಎ 256 ಸಂಖ್ಯೆ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ಜಾಲತಾಣದಲ್ಲಿ ಕೊಟ್ಟ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ನೋಡಿ; ಐದು ನಿಮಿಷದ ಈ ಕೆಲಸವನ್ನು ಬಿಡಬೇಡಿ, ಏಕೆಂದರೆ ಅಡಿಪಾಯದಲ್ಲೇ ಯಾರಾದರೂ ಕೈಯಾಡಿಸಿದ್ದರೆ ಮುಂದೆ ಹಾಕುವ ಯಾವ ಬೀಗವೂ ಕೆಲಸಕ್ಕೆ ಬಾರದು. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚ್ಚರ್ ತಂತ್ರಾಂಶದ ಮೂಲಕ ಅದನ್ನು ಬರೆದು, ಯಂತ್ರವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ (ಆರಂಭಿಸಿ). ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀ ಒತ್ತಿದರೆ ಬೂಟ್ ಪಟ್ಟಿ ಬರುತ್ತದೆ. ಇನ್‌ಸ್ಟಾಲ್ ಮಾಡುವ ಮುನ್ನವೇ ಮಿಂಟ್ ಪೆನ್‌ಡ್ರೈವ್‌ನಿಂದ ಓಡುವುದರಿಂದ, ವೈಫೈ, ಧ್ವನಿ, ಕ್ಯಾಮೆರಾ ಮೂರೂ ಸರಿಯಿವೆಯೇ ಎಂದು ಅಲ್ಲಿಯೇ ಪರೀಕ್ಷಿಸಬಹುದು.

ಇನ್‌ಸ್ಟಾಲ್ ಆಗುವಾಗ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕೇ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಬೇಕೇ) ಎಂಬ ಆಯ್ಕೆ ಸಿಗುತ್ತದೆ. ಲ್ಯಾಪ್‌ಟಾಪ್ ಶಾಲೆಗೋ ಟ್ಯೂಷನ್ನಿಗೋ ಹೋಗುವುದಾದರೆ ಮಾಡಿ. ಮನೆಯ ಮೇಜಿನಿಂದ ಕದಲದ ಯಂತ್ರಕ್ಕೆ ಅದರ ಅಗತ್ಯ ಅಷ್ಟಿಲ್ಲ, ಮರೆತ ಪಾಸ್‌ವರ್ಡ್‌ನಿಂದ ಎಲ್ಲವನ್ನೂ ಕಳೆದುಕೊಳ್ಳುವ ಅಪಾಯವೇ ಅಲ್ಲಿ ಹೆಚ್ಚು.

ಎರಡು ಖಾತೆ, ಒಂದು ಕೀಲಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನು ಮಾಡಿ. ಇನ್‌ಸ್ಟಾಲ್ ಮಾಡುವಾಗ ಸೃಷ್ಟಿಯಾಗುವ ಮೊದಲ ಖಾತೆಗೆ ಆಡಳಿತದ ಅಧಿಕಾರ ಇರುತ್ತದೆ. ಅದನ್ನು ದೊಡ್ಡವರು ಇಟ್ಟುಕೊಂಡು, ಬಳಕೆದಾರರು ಮತ್ತು ಗುಂಪುಗಳ ಸೆಟ್ಟಿಂಗ್‌ನಲ್ಲಿ ಮಗುವಿಗೆ ಸಾಮಾನ್ಯ ದರ್ಜೆಯ ಬೇರೆ ಖಾತೆ ತೆರೆಯಿರಿ. ಮಗು ತಿಳಿಯದೆ ಏನನ್ನೋ ಒತ್ತಿದರೂ, ಇಡೀ ಸಿಸ್ಟಂಗೆ ಏನನ್ನಾದರೂ ಹಾಕುವ ಮುನ್ನ ಯಂತ್ರ ದೊಡ್ಡವರ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ವಿಂಡೋಸ್‌ನಲ್ಲೂ ಇದೇ ಕ್ರಮ. ಅಲ್ಲಿ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿಯ ಮೂಲಕ ಸಮಯದ ಮಿತಿ ಹಾಕಬಹುದು, ಆದರೆ ಅದರಲ್ಲಿ ಜಾಲತಾಣಗಳನ್ನು ತಡೆಯುವ ಸೌಲಭ್ಯ ಎಡ್ಜ್ ಬ್ರೌಸರ್‌ಗೆ ಸೀಮಿತ. ಮಿಂಟ್‌ನಲ್ಲಿ ಸಮಯದ ಮಿತಿಗೆ ಟೈಮ್‌ಕೆಪಿಆರ್ ನೆಕ್ಸ್ಟ್ ಎಂಬ ಉಚಿತ ತಂತ್ರಾಂಶವನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಬಹುದು.

ಬಳಿಕ ಅಪ್‌ಡೇಟ್ ಮ್ಯಾನೇಜರ್ ತೆರೆದು, ಅಪ್‌ಡೇಟ್‌ಗಳು ತಾವಾಗಿಯೇ ಆಗುವಂತೆ ಆಯ್ದುಕೊಳ್ಳಿ. ಮಿಂಟ್‌ನಲ್ಲಿ, ಹೊರಗಿನ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಇದ್ದರೂ ಚಾಲೂ ಆಗಿರುವುದಿಲ್ಲ. ಒಂದು ಗುಂಡಿ ಒತ್ತಿದರೆ ಚಾಲೂ ಆಗುತ್ತದೆ. ಟೈಮ್‌ಶಿಫ್ಟ್ ಎಂಬ ಸಾಧನದಲ್ಲಿ ವಾರಕ್ಕೊಮ್ಮೆ ಸಿಸ್ಟಂನ ಪ್ರತಿ ಉಳಿಯುವಂತೆ ಮಾಡಿಡಿ. ಅದು ಮಗುವಿನ ಚಿತ್ರ, ಪ್ರಾಜೆಕ್ಟ್‌ಗಳನ್ನು ಉಳಿಸುವುದಿಲ್ಲ, ಅವಕ್ಕೆ ಬೇರೆ ಪೆನ್‌ಡ್ರೈವ್ ಬೇಕು. ಬಯಾಸ್‌ಗೂ (ಯಂತ್ರ ಆರಂಭವಾಗುವಾಗ ಮೊದಲು ಓಡುವ ತಂತ್ರಾಂಶ) ಒಂದು ಪಾಸ್‌ವರ್ಡ್ ಹಾಕಿ, ಪೆನ್‌ಡ್ರೈವ್‌ನಿಂದ ಬೂಟ್ ಆಗುವುದನ್ನು ತಡೆಯಿರಿ. ಈ ಪಾಸ್‌ವರ್ಡ್‌ಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ, ಮನೆಯ ಪತ್ರಗಳ ಜೊತೆ ಇಡುವುದೇ ಲೇಸು.

ಅಂತರ್ಜಾಲದ ಬಾಗಿಲಲ್ಲಿ

ವಯಸ್ಕರ ಜಾಲತಾಣಗಳನ್ನೂ ಕುತಂತ್ರಾಂಶ ಹರಡುವ ತಾಣಗಳನ್ನೂ ತಡೆಯಲು ಸರಳ ದಾರಿಯೆಂದರೆ, ಜಾಲತಾಣದ ಹೆಸರಿನಿಂದ ಅದರ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಸೇವೆಯ ಬದಲಾವಣೆ. ಕ್ಲೌಡ್‌ಫ್ಲೇರ್ 2020ರಲ್ಲಿ ಕುಟುಂಬಗಳಿಗಾಗಿ ಆರಂಭಿಸಿದ ಉಚಿತ ಸೇವೆಯ ವಿಳಾಸ 1.1.1.3, ಎರಡನೆಯದು 1.0.0.3. ಇದನ್ನು ಮನೆಯ ರೂಟರ್‌ನಲ್ಲೇ ಹಾಕಿದರೆ ಆ ವೈಫೈಗೆ ಸೇರುವ ಎಲ್ಲ ಸಾಧನಗಳಿಗೂ ಅನ್ವಯವಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವ ಮನೆಯಾದರೆ ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಹಾಕಬೇಕು. ಫೈರ್‌ಫಾಕ್ಸ್ ತನ್ನದೇ ಬೇರೆ ಡಿಎನ್‌ಎಸ್ ಬಳಸಿದರೆ ಈ ತಡೆ ಕೆಲಸ ಮಾಡುವುದಿಲ್ಲವಾದ್ದರಿಂದ, ಅದರ ಗೌಪ್ಯತೆಯ ಸೆಟ್ಟಿಂಗ್‌ನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿಡಿ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಕೂಡ ಹಾಕಿ. "ಡೌನ್‌ಲೋಡ್" ಎಂದು ಬರೆದ ಹಸಿರು ಗುಂಡಿಗಳಲ್ಲಿ ನಿಜವಾದದ್ದು ಯಾವುದೆಂದು ದೊಡ್ಡವರೇ ಎಷ್ಟೋ ಸಲ ಗುರುತಿಸಲಾರರು.

ಇಷ್ಟಾದರೂ ಯಾವ ತಡೆಯೂ ಪರಿಪೂರ್ಣವಲ್ಲ. ಆದ್ದರಿಂದ ಏನೇನು ತಡೆದಿದ್ದೇನೆ, ಏಕೆ ತಡೆದಿದ್ದೇನೆ ಎಂಬುದನ್ನು ಅಕ್ಕನ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ತೋರಿಸಿದೆ. ಅವಳಿಗೆ ಗೊತ್ತಾಗದಂತೆ ಪರದೆಯನ್ನು ನೋಡುವ ತಂತ್ರಾಂಶವನ್ನು ಹಾಕಲಿಲ್ಲ, ಹಾಕುವುದು ಸರಿಯೆಂದು ನನಗೆ ಅನ್ನಿಸುವುದೂ ಇಲ್ಲ. ಹೆದರಿಸುವಂಥದ್ದೇನಾದರೂ ಕಂಡರೆ ಅಥವಾ ಅಪರಿಚಿತರು ಮಾತಿಗೆಳೆದರೆ ಬೈಗುಳದ ಭಯವಿಲ್ಲದೆ ಅಮ್ಮನ ಬಳಿ ಬರಬೇಕೆಂಬ ಒಪ್ಪಂದವಾಯಿತು. ಮಕ್ಕಳ ಸಹಾಯವಾಣಿ 1098, ಹಣದ ಸೈಬರ್ ವಂಚನೆಗೆ 1930 ಎಂದು ಗೋಡೆಯ ಮೇಲೆ ಬರೆದಿಟ್ಟೆವು.

ಕನ್ನಡ ಕೀಲಿಮಣೆ

ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಹೊಸ ವಿನ್ಯಾಸ ಸೇರಿಸಲು ಹೋದರೆ ಕನ್ನಡ ಕಗಪ ಎಂಬುದು ಪಟ್ಟಿಯಲ್ಲೇ ಸಿಗುತ್ತದೆ; ನುಡಿ ತಂತ್ರಾಂಶದಲ್ಲಿ ಬರೆದು ಅಭ್ಯಾಸವಿರುವವರಿಗೆ ಇದು ಪರಿಚಿತವೇ. ಯೂನಿಕೋಡ್‌ನಲ್ಲೇ ಅಕ್ಷರ ಮೂಡುವುದರಿಂದ ಬರೆದದ್ದು ಮೊಬೈಲ್‌ನಲ್ಲೂ ಹಾಗೆಯೇ ಕಾಣುತ್ತದೆ. ಗುಬ್ಬಿ, ನವಿಲು ಎಂಬ ಉಚಿತ ಫಾಂಟ್‌ಗಳನ್ನೂ ಹಾಕಿಕೊಟ್ಟೆ. ಹುಡುಗಿ ಮೊದಲು ಟೈಪಿಸಿದ್ದು ತನ್ನ ಹೆಸರು, ಆಮೇಲೆ "ಅಜ್ಜಿ". ಒತ್ತಕ್ಷರ ಎಲ್ಲಿಂದ ಬರುತ್ತದೆಂದು ತಡಕಾಡಿ ಎಫ್ ಕೀ ಕಂಡುಕೊಂಡಾಗ ಅವಳ ಮುಖ ಅರಳಿತು.

ಕೊನೆಗೆ ಒಂದು ಬಿಳಿ ಚೀಟಿಯಲ್ಲಿ "ಅಪ್‌ಡೇಟ್ ಮುಗಿಯುವುದು: ಏಪ್ರಿಲ್ 2029" ಎಂದು ಬರೆದು, ಲ್ಯಾಪ್‌ಟಾಪಿನ ಅಡಿಗೆ ಟೇಪಿನಿಂದ ಅಂಟಿಸಿದೆ. ಆ ಹೊತ್ತಿಗೆ ಅವಳು ಒಂಬತ್ತನೇ ತರಗತಿ ಮುಗಿಸಿರುತ್ತಾಳೆ. ಮುಂದಿನ ಸಿಸ್ಟಂ ಯಾವುದೆಂದು ಅವಳೇ ನೋಡಿ, ಅವಳೇ ಹಾಕಿಕೊಳ್ಳುವುದೆಂದು ಈಗಲೇ ಮಾತಾಗಿದೆ.