ಬ್ರೌಸರ್ ಹೋಲಿಸುವುದು ಹೇಗೆ, ಏನೂ ಕಳೆದುಕೊಳ್ಳದೆ ಬದಲಿಸುವುದು ಹೇಗೆ?

ಬ್ರೌಸರ್ ಬದಲಿಸಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಮೊದಲು, ವೇಗದ ಪರೀಕ್ಷೆಗಳ ಅಂಕಗಳನ್ನು ನಂಬಿ ಆಯ್ಕೆ ಮಾಡುತ್ತಾರೆ. ಆಮೇಲೆ ಹಳೆಯ ಬ್ರೌಸರನ್ನು ಅವಸರದಲ್ಲಿ ಅಳಿಸಿ, ಅದರೊಳಗಿದ್ದ ಪಾಸ್‌ವರ್ಡ್‌ಗಳನ್ನು ಕಳೆದುಕೊಳ್ಳುತ್ತಾರೆ. ಇಂದಿನ ಪ್ರಮುಖ ಬ್ರೌಸರ್‌ಗಳ ನಡುವಿನ ವೇಗದ ಅಂತರ ದಿನನಿತ್ಯದ ಕೆಲಸದಲ್ಲಿ ಬಹುಪಾಲು ಮಂದಿಯ ಗಮನಕ್ಕೇ ಬರುವುದಿಲ್ಲ. ಗಮನಕ್ಕೆ ಬರುವುದು ಕಿರಿಕಿರಿಗಳು. ಆದ್ದರಿಂದ ಆಯ್ಕೆಯೂ ಅಲ್ಲಿಂದಲೇ ಆರಂಭವಾಗಬೇಕು.

ಮೊದಲ ಹೆಜ್ಜೆ ಸುಲಭ: ಈಗಿನ ಬ್ರೌಸರ್‌ನಲ್ಲಿ ನಿಮಗೆ ನಿಜವಾಗಿ ತೊಂದರೆ ಕೊಡುವ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ತೊಂದರೆ ಯಾವುದೆಂದು ಹೇಳಲು ಬಾರದಿದ್ದರೆ ಬದಲಿಸುವ ಅಗತ್ಯವೇ ಇಲ್ಲ.

ಎರಡನೆಯದಾಗಿ, ಹೊರಗಿನ ಹೆಸರನ್ನು ಬಿಟ್ಟು ಒಳಗಿನ ಎಂಜಿನ್, ಅಂದರೆ ಪುಟವನ್ನು ತೆರೆಯ ಮೇಲೆ ಮೂಡಿಸುವ ತಂತ್ರಾಂಶ, ಯಾವುದೆಂದು ನೋಡಿ. ಕ್ರೋಮ್, ಎಡ್ಜ್, ಒಪೇರಾ, ಬ್ರೇವ್, ವಿವಾಲ್ಡಿ ಇವೆಲ್ಲವೂ ಕ್ರೋಮಿಯಂ ಎಂಬ ಒಂದೇ ಮೂಲದ ಮೇಲೆ ನಿಂತಿವೆ ಮತ್ತು ಬ್ಲಿಂಕ್ ಎಂಬ ಒಂದೇ ಎಂಜಿನ್ ಬಳಸುತ್ತವೆ. ಮೈಕ್ರೋಸಾಫ್ಟ್ ತನ್ನ ಸ್ವಂತ ಎಂಜಿನ್ ಕೈಬಿಟ್ಟು 2020ರ ಜನವರಿಯಲ್ಲಿ ಎಡ್ಜ್ ಅನ್ನು ಈ ಮೂಲಕ್ಕೆ ತಂದಿತು. ಫೈರ್‌ಫಾಕ್ಸ್‌ನದು ಗೆಕೋ, ಸಫಾರಿಯದು ವೆಬ್‌ಕಿಟ್. ಇದರ ಪರಿಣಾಮ ತೀರಾ ಪ್ರಾಯೋಗಿಕವಾದದ್ದು. ಕ್ರೋಮ್‌ನಲ್ಲಿ ಸರಿಯಾಗಿ ಕಾಣದ ಪುಟ ಎಡ್ಜ್‌ನಲ್ಲಿಯೂ ಬಹುತೇಕ ಹಾಗೆಯೇ ಕಾಣುತ್ತದೆ. ಹಾಗಾಗಿ ಆಪತ್ಕಾಲಕ್ಕೆಂದು ಇನ್ನೊಂದು ಬ್ರೌಸರ್ ಇಟ್ಟುಕೊಳ್ಳುವವರು ಬೇರೆ ಎಂಜಿನ್‌ನದ್ದನ್ನೇ ಇಟ್ಟುಕೊಳ್ಳಬೇಕು. ಐಫೋನ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಐರೋಪ್ಯ ಒಕ್ಕೂಟದಲ್ಲಿ 2024ರಲ್ಲಿ ಈ ನಿಯಮ ಸಡಿಲವಾಯಿತಾದರೂ, ಆ ಫೋನಿನಲ್ಲಿ ಎಲ್ಲ ಬ್ರೌಸರ್‌ಗಳೂ ವೆಬ್‌ಕಿಟ್ ಅನ್ನೇ ಬಳಸಬೇಕೆಂಬುದು ಆ್ಯಪಲ್ ಮೊದಲಿನಿಂದ ಇಟ್ಟುಕೊಂಡು ಬಂದ ಕಟ್ಟುಪಾಡು. ಐಫೋನಿನಲ್ಲಿ ಬ್ರೌಸರ್ ಬದಲಿಸಿದಾಗ ಮುಖ್ಯವಾಗಿ ಬದಲಾಗುವುದು ಹೊರ ವಿನ್ಯಾಸ ಮತ್ತು ಸಿಂಕ್ ಸೌಲಭ್ಯ (ನಿಮ್ಮ ಎಲ್ಲ ಸಾಧನಗಳಲ್ಲೂ ಬ್ರೌಸರಿನ ಮಾಹಿತಿಯನ್ನು ಒಂದೇ ರೀತಿ ಇಡುವುದು) ಮಾತ್ರ.

ಈಗ ಒಂದೊಂದರ ಗುಣದೋಷ. ಕ್ರೋಮ್‌ನ ದೊಡ್ಡ ಬಲವೆಂದರೆ ಜಾಲತಾಣ ಕಟ್ಟುವವರು ಮೊದಲು ಪರೀಕ್ಷಿಸುವುದೇ ಅದರಲ್ಲಿ. ಆದ್ದರಿಂದ ಪುಟ ಮುರಿದು ಬೀಳುವ ಸಂದರ್ಭ ಕಡಿಮೆ, ಬ್ರೌಸರಿಗೆ ಹೊಸ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್‌ಗಳು ಹೇರಳ. ತೊಂದರೆ ಇರುವುದು ಅದರ ಒಡೆತನದಲ್ಲಿ. ಗೂಗಲ್‌ನಂತೆ ಮುಖ್ಯವಾಗಿ ಜಾಹೀರಾತಿನಿಂದ ಬದುಕುವ ಸಂಸ್ಥೆಯೊಂದು ಬ್ರೌಸರ್ ರೂಪಿಸಿದಾಗ ಖಾಸಗಿತನದ ವಿಷಯದಲ್ಲಿ ಅದರ ಹೆಜ್ಜೆ ನಿಧಾನವಾಗುತ್ತದೆ. ನೀವು ತೆರೆದ ತಾಣದ್ದಲ್ಲದ, ಹೊರಗಿನವರ ಕುಕಿಗಳನ್ನು (ನಿಮ್ಮನ್ನು ಗುರುತಿಸಲು ಬ್ರೌಸರಿನಲ್ಲಿ ಇಡುವ ಪುಟ್ಟ ದತ್ತಾಂಶ) ನಿಲ್ಲಿಸುವುದಾಗಿ 2020ರಲ್ಲಿ ಘೋಷಿಸಿದ ಗೂಗಲ್, 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಾದ ಬಳಿಕ ಯುಬ್ಲಾಕ್ ಒರಿಜಿನ್‌ನಂತಹ ಸಮರ್ಥ ಜಾಹೀರಾತು ತಡೆ ಅಲ್ಲಿ ನಿಂತೇಹೋಗಿದೆ. ಅದರ ಕಿರಿಯ ರೂಪವಾದ ಲೈಟ್ ಮಾತ್ರ ಸಿಗುತ್ತದೆ.

ಜಾಹೀರಾತಿನ ಕಾಟದಿಂದ ಬಿಡುಗಡೆ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ನನ್ನ ಸಲಹೆ ನೇರವಾಗಿದೆ: ಫೈರ್‌ಫಾಕ್ಸ್ ಬಳಸಿ. ಪೂರ್ಣ ರೂಪದ ಯುಬ್ಲಾಕ್ ಒರಿಜಿನ್ ಅಲ್ಲಿ ಕೆಲಸ ಮಾಡುತ್ತದೆ. ಒಂದು ತಾಣದ ಕುಕಿಯನ್ನು ಇನ್ನೊಂದು ತಾಣದಲ್ಲಿ ನಿಮ್ಮನ್ನು ಹಿಂಬಾಲಿಸಲು ಬಳಸದಂತೆ ಬೇರೆಬೇರೆಯಾಗಿ ಇಡುವ ವ್ಯವಸ್ಥೆ 2022ರಿಂದ ತಾನಾಗಿಯೇ ಚಾಲೂ ಇರುತ್ತದೆ. ಕಚೇರಿಯ ಖಾತೆ ಮತ್ತು ಸ್ವಂತ ಖಾತೆ ಎರಡನ್ನೂ ಒಂದೇ ಕಿಟಕಿಯಲ್ಲಿ ತೆರೆದಿಡಲು ಕಂಟೇನರ್ ಟ್ಯಾಬ್‌ಗಳಷ್ಟು ಅಚ್ಚುಕಟ್ಟಾದ ಸೌಲಭ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಕೆಲವು ವಿಡಿಯೊ ಸಭೆಯ ತಾಣಗಳು, ಕಚೇರಿ ತಂತ್ರಾಂಶಗಳು ‘ಕ್ರೋಮ್‌ನಲ್ಲಿ ತೆರೆಯಿರಿ’ ಎಂದು ಹಟ ಹಿಡಿಯುತ್ತವೆ. ಅಂಥವು ನಿಮ್ಮ ಉದ್ಯೋಗದ ಭಾಗವಾಗಿದ್ದರೆ ಕ್ರೋಮಿಯಂ ಮೂಲದ್ದೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕಾಗುತ್ತದೆ.

ಎಡ್ಜ್‌ನ ಲಂಬ ಟ್ಯಾಬ್ ಪಟ್ಟಿ, ಬಳಸದ ಟ್ಯಾಬ್‌ಗಳನ್ನು ಮಲಗಿಸುವ ವ್ಯವಸ್ಥೆ, ಪುಟವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯ ಇವು ನಿಜಕ್ಕೂ ಉಪಯುಕ್ತ. ಸುದ್ದಿಗಳ ರಾಶಿ, ಖರೀದಿಯ ಸಲಹೆಗಳು, ಪದೇ ಪದೇ ಏಳುವ ಸೂಚನೆಗಳು ಅದೇ ಬ್ರೌಸರನ್ನು ಸಹಿಸಲಾರದಂತೆ ಮಾಡುತ್ತವೆ. ಹಾಕಿಕೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಅವುಗಳನ್ನು ನಿಲ್ಲಿಸಿಬಿಡಿ. ಸಫಾರಿ ಬ್ಯಾಟರಿಯನ್ನು ಮಿತವಾಗಿ ಬಳಸುತ್ತದೆ, ಆದರೆ ಆ್ಯಪಲ್ ಸಾಧನಗಳ ಆಚೆ ಅದಿಲ್ಲ. ವಿಂಡೋಸ್ ಆವೃತ್ತಿ 2012ರಲ್ಲೇ ನಿಂತುಹೋಯಿತು. ಬ್ರೇವ್ ಏನೂ ಹೊಂದಿಸದೆಯೇ ಜಾಹೀರಾತು ತಡೆಯುತ್ತದೆ, ಜೊತೆಗೆ ಬರುವ ಕ್ರಿಪ್ಟೊ ವ್ಯಾಲೆಟ್ ಬೇಡವಾದವರು ಅದನ್ನು ಮರೆಮಾಡಬಹುದು. ಹತ್ತಾರು ಟ್ಯಾಬ್‌ಗಳನ್ನು ಒಟ್ಟಿಗೆ ಪೇರಿಸಿಡುವವರಿಗೆ ವಿವಾಲ್ಡಿ ಒಳ್ಳೆಯದು, ಸೆಟ್ಟಿಂಗ್ಸ್‌ನ ಅಷ್ಟೊಂದು ಪುಟಗಳನ್ನು ಓದುವ ತಾಳ್ಮೆಯಿದ್ದರೆ. ಒಪೇರಾದ ಉಚಿತ ವಿಪಿಎನ್ (ನಿಮ್ಮ ಅಂತರ್ಜಾಲ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ಸೇವೆ) ನೋಡಿ ಮರುಳಾಗಬೇಡಿ: ಅದು ಆ ಬ್ರೌಸರ್‌ನೊಳಗಿನ ಸಂಚಾರವನ್ನಷ್ಟೇ ಬೇರೆ ದಾರಿಯಲ್ಲಿ ಕಳಿಸುತ್ತದೆ, ಕಂಪ್ಯೂಟರಿನ ಉಳಿದ ಸಂಚಾರವನ್ನು ಮುಟ್ಟುವುದಿಲ್ಲ. ಬ್ರೌಸರ್ ವೇಗ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಎಕ್ಸ್‌ಟೆನ್ಷನ್‌ಗಳನ್ನಂತೂ ಯಾವ ಕಾರಣಕ್ಕೂ ಹಾಕಬೇಡಿ. ನೀವು ತೆರೆಯುವ ಪ್ರತಿಯೊಂದು ಪುಟವನ್ನು ಓದುವ ಅನುಮತಿಯನ್ನು ಅವು ಕೇಳುತ್ತವೆ.

ಮೂರನೆಯ ಹೆಜ್ಜೆ: ಆಯ್ದದ್ದನ್ನು ಹಾಕಿಕೊಂಡು, ಡಿಫಾಲ್ಟ್ (ಕೊಂಡಿ ಒತ್ತಿದಾಗ ತಾನಾಗಿ ತೆರೆಯುವ ಬ್ರೌಸರ್) ಮಾಡದೆ, ಒಂದು ವಾರ ನಿಮ್ಮ ನಿಜವಾದ ಕೆಲಸಕ್ಕೆ ಬಳಸಿ.

ನಾಲ್ಕನೆಯದೇ ಕಠಿಣ ಘಟ್ಟ, ಅಂದರೆ ಸ್ಥಳಾಂತರ. ಹೊಸ ಬ್ರೌಸರ್ ತೆರೆದೊಡನೆ ‘ಎಲ್ಲವನ್ನೂ ತರಲೇ?’ ಎಂದು ಕೇಳುತ್ತದೆ, ಜನ ಒಪ್ಪಿಗೆ ಒತ್ತಿ ಎಲ್ಲವೂ ಬಂದಿತೆಂದು ನೆಮ್ಮದಿಯಾಗಿರುತ್ತಾರೆ. ಎಲ್ಲವೂ ಬರುವುದಿಲ್ಲ. ಬುಕ್‌ಮಾರ್ಕ್‌ಗಳು ಬರುತ್ತವೆ, ಆದರೆ ಅನೇಕ ಬಾರಿ ಹಳೆಯ ಬ್ರೌಸರಿನ ಹೆಸರಿನದೋ ‘ಇಂಪೋರ್ಟೆಡ್’ ಎಂಬುದೋ ಆದ ಪ್ರತ್ಯೇಕ ಫೋಲ್ಡರಿನೊಳಗೆ ಕುಳಿತಿರುತ್ತವೆ. ಅದನ್ನು ನೋಡದೆ ಮತ್ತೆ ಇಂಪೋರ್ಟ್ ಮಾಡಿದರೆ ಪ್ರತಿಯೊಂದೂ ಎರಡೆರಡಾಗುತ್ತದೆ. ಪಾಸ್‌ವರ್ಡ್‌ಗಳ ಗೂಢಲಿಪಿ ಬಿಗಿಯಾಗಿರುವ ಕಡೆ ಅವು ನೇರವಾಗಿ ಬಾರದೆ ಹೋಗಬಹುದು. ಲಾಗಿನ್ ಸ್ಥಿತಿ ಬರುವುದೇ ಇಲ್ಲವೆಂದು ತಿಳಿದು ಸಿದ್ಧರಾಗಿ. ಪ್ರತಿ ತಾಣಕ್ಕೂ ಹೊಸದಾಗಿ ಪ್ರವೇಶಿಸಬೇಕಾಗುತ್ತದೆ, ಆಗ ಒಟಿಪಿ ಬರುವ ಫೋನ್ ನಂಬರು ಅಥವಾ ಇಮೇಲ್ ನಿಮ್ಮ ಕೈಯಲ್ಲಿರಬೇಕು.

ಆದ್ದರಿಂದ ಪಾಸ್‌ವರ್ಡ್‌ಗಳನ್ನು ಕಡತದ ಮೂಲಕವೇ ಸಾಗಿಸಿ. ಕ್ರೋಮ್‌ನಲ್ಲಿ ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್ ಒಳಗೆ, ಫೈರ್‌ಫಾಕ್ಸ್‌ನಲ್ಲಿ ಪಾಸ್‌ವರ್ಡ್ ಪುಟದ ಮೂರು ಚುಕ್ಕಿಯ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್’ ಇದೆ. ಸಿಗುವುದು ಸಿಎಸ್‌ವಿ ಎಂಬ ಕಡತ. ಅದರಲ್ಲಿ ನಿಮ್ಮ ಎಲ್ಲ ಪಾಸ್‌ವರ್ಡ್‌ಗಳೂ ಯಾವ ಮರೆಯೂ ಇಲ್ಲದೆ, ಯಾರು ಬೇಕಾದರೂ ಓದುವಂತೆ ಬರೆದಿರುತ್ತವೆ. ಅದನ್ನು ಇಮೇಲ್‌ನಲ್ಲಿ ಕಳಿಸಿಕೊಳ್ಳಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಹಾಕಿಕೊಳ್ಳಬೇಡಿ, ಕ್ಲೌಡ್‌ಗೆ ತಾನಾಗಿ ಸೇರುವ ಫೋಲ್ಡರಿನಲ್ಲಿ ಉಳಿಸಬೇಡಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದನ್ನಂತೂ ಮಾಡಲೇಬೇಡಿ: ಬರೀ ಅಂಕಿಗಳ ಪಾಸ್‌ವರ್ಡ್ ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆ ಬಿದ್ದುಹೋಗುತ್ತದೆ, ಸಮ ಚಿಹ್ನೆಯಿಂದ ಶುರುವಾದದ್ದನ್ನು ಎಕ್ಸೆಲ್ ಸೂತ್ರವೆಂದು ತಿಳಿದು ಕೆಡಿಸುತ್ತದೆ. ತೆರೆಯದೆ ಹಾಗೆಯೇ ಹೊಸ ಬ್ರೌಸರಿಗೆ ಇಂಪೋರ್ಟ್ ಮಾಡಿ, ಒಟ್ಟು ಸಂಖ್ಯೆ ಎರಡೂ ಕಡೆ ಹೊಂದುತ್ತದೆಯೇ ನೋಡಿ, ಮೂರು ನಾಲ್ಕು ಮುಖ್ಯ ತಾಣಗಳಿಗೆ ನಿಜವಾಗಿಯೂ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ. ಅನಂತರ ಕಡತವನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಪಾಸ್‌ವರ್ಡ್ ಬದಲು ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಪ್ರವೇಶ ಕೊಡುವ ಪಾಸ್‌ಕೀಗಳು ಈ ಕಡತದಲ್ಲಿ ಇರುವುದಿಲ್ಲ. ಅವುಗಳನ್ನು ಬಳಸುವ ಖಾತೆಗಳಿಗೆ ಪ್ರವೇಶದ ಇನ್ನೊಂದು ದಾರಿ ಇದೆಯೇ ಎಂದು ಹಳೆಯ ಬ್ರೌಸರ್ ಇರುವಾಗಲೇ ನೋಡಿಕೊಳ್ಳಬೇಕು.

ಹೊಸದನ್ನು ಡಿಫಾಲ್ಟ್ ಮಾಡಿದ ಮೇಲೂ ಹಳೆಯದನ್ನು ಕನಿಷ್ಠ ಒಂದು ತಿಂಗಳು ಇಟ್ಟುಕೊಳ್ಳಿ, ಏಕೆಂದರೆ ಅಪರೂಪಕ್ಕೆ ತೆರೆಯುವ ತಾಣಗಳ ನೆನಪು ಬರುವುದು ತಡವಾಗಿ. ತೆಗೆಯುವ ದಿನ ಬಂದಾಗ ಮೊದಲು ಸಿಂಕ್‌ನಿಂದ ಸೈನ್ ಔಟ್ ಆಗಿ. ಸಿಂಕ್ ಚಾಲೂ ಇರುವಾಗಲೇ ಪಾಸ್‌ವರ್ಡ್ ಅಥವಾ ಇತಿಹಾಸವನ್ನು ಅಳಿಸಿದರೆ, ಅದೇ ಖಾತೆಯಲ್ಲಿರುವ ನಿಮ್ಮ ಫೋನಿನಿಂದಲೂ ಅವು ಅಳಿಸಿಹೋಗುತ್ತವೆ.