ಕಾರವಾರದ ಕೊಲ್ಲಿಯಲ್ಲಿ ರಾತ್ರಿ ಲಂಗರು: ನಾನು ಹಾಕುವ ಬಗೆ

ಅಕ್ಟೋಬರದಿಂದ ಮೇ ತನಕ ಕಾರವಾರದ ಕೊಲ್ಲಿಯ ಗಾಳಿಗೆ ದಿನವೂ ಬಹುತೇಕ ಒಂದೇ ಚಾಳಿ. ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ ಎದ್ದು ಹೊತ್ತು ಮುಳುಗುವವರೆಗೆ ಬೀಸುತ್ತದೆ. ಆಮೇಲೆ ಅದು ಸತ್ತು, ನಡುರಾತ್ರಿಯ ಆಸುಪಾಸು ಘಟ್ಟದ ಕಡೆಯಿಂದ ನೆಲಗಾಳಿ ಶುರುವಾಗುತ್ತದೆ. ಸಂಜೆ ಸಮುದ್ರ ನೋಡುತ್ತಿದ್ದ ದೋಣಿಯ ಮೂತಿ ಬೆಳಗಿನ ಜಾವಕ್ಕೆ ಊರ ಕಡೆಗಿರುತ್ತದೆ. ಸಂಜೆಯ ಗಾಳಿಯೊಂದನ್ನೇ ನೋಡಿ ಲಂಗರು ಬಿಟ್ಟವರಿಗೆ ತೊಂದರೆಯಾಗುವುದು ಸಾಮಾನ್ಯವಾಗಿ ಈ ತಿರುವಿನಲ್ಲೇ.

ನನ್ನ ಲೆಕ್ಕವೆಲ್ಲ 30 ಅಡಿಯ ಹಾಯಿದೋಣಿಯದು. ಅದರ ತಳ ನೀರಿನಲ್ಲಿ 1.5 ಮೀಟರ್ ಇಳಿಯುತ್ತದೆ. 15 ಕೆಜಿಯ ರೊಕ್ನಾ ಮಾದರಿಯ ಲಂಗರು, 8 ಮಿ.ಮೀ. ಚೈನು 40 ಮೀಟರ್, ಅದರ ಹಿಂದೆ 14 ಮಿ.ಮೀ. ನೈಲಾನ್ ಹಗ್ಗ 40 ಮೀಟರ್. ಚೈನಿಗೆ ಪ್ರತಿ 5 ಮೀಟರಿಗೆ ಬಣ್ಣದ ಕೇಬಲ್ ಟೈ ಕಟ್ಟಿದ್ದೇನೆ. ಕತ್ತಲಲ್ಲಿ ಬೆರಳಿಗೂ ಸಿಗುತ್ತದೆ. ಹಗ್ಗದ ಕೊನೆಯನ್ನು ದೋಣಿಯೊಳಗಿನ ಬಳೆಗೆ ಕಟ್ಟಬೇಕು, ಶ್ಯಾಕಲ್ (ಪಿನ್ನು ಹಾಕಿ ಮುಚ್ಚುವ ಲೋಹದ ಕೊಂಡಿ) ಹಾಕಬಾರದು. ತುರ್ತಿನಲ್ಲಿ ಎಲ್ಲವನ್ನೂ ಬಿಟ್ಟು ಹೊರಡಬೇಕಾದರೆ ಚಾಕುವಿನಿಂದ ಕತ್ತರಿಸುವಂತಿರಬೇಕು. ಲಂಗರಿನ ಶ್ಯಾಕಲ್ ಪಿನ್ನನ್ನು ಮಾತ್ರ ತಂತಿಯಿಂದ ಬಿಗಿದು ಕಟ್ಟುತ್ತೇನೆ. ಇಡೀ ರಾತ್ರಿಯ ಅಲುಗಾಟಕ್ಕೆ ಪಿನ್ನು ತಾನಾಗಿ ತಿರುಗಿ ಸಡಿಲವಾಗುತ್ತದೆ.

ಕೊಲ್ಲಿಗೆ ಬರುವ ಮೊದಲೇ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ ಬಂದರಿನವರನ್ನು ಕರೆದು ದೋಣಿಯ ಹೆಸರು, ಉದ್ದ, ಒಳಗಿರುವ ಜನ ಎಷ್ಟು ಎಂದು ತಿಳಿಸಿ, ಎಲ್ಲಿ ನಿಲ್ಲಬಹುದು ಎಂದು ಕೇಳುತ್ತೇನೆ. ಕಾರವಾರದ ಭೂಶಿರ ದಾಟಿ ದಕ್ಷಿಣಕ್ಕೆ ನೌಕಾನೆಲೆಯ ಜಾಗ. ಅಲೆ ಎಷ್ಟೇ ಇರಲಿ, ನೆಮ್ಮದಿ ಹುಡುಕಿಕೊಂಡು ಅತ್ತ ಹೋಗುವಂತಿಲ್ಲ. ಉತ್ತರಕ್ಕೆ ಕಾಳಿ ನದಿಯ ಅಳಿವೆಯಲ್ಲಿ ಮರಳದಿಣ್ಣೆಗಳು. ಬೈತಖೋಲದ ಮೀನುಗಾರಿಕಾ ಬಂದರಿನ ಬಾಯಿ ಬೇಡವೇ ಬೇಡ, ಬೆಳಕು ಹರಿಯುವ ಮೊದಲೇ ಬೋಟುಗಳು ಸಾಲಾಗಿ ಹೊರಡುತ್ತವೆ. ದಂಡೆಗೆ ಹತ್ತಿರವಾದರೆ ರಂಪಣಿ, ಏಂಡಿ ಬಲೆಯವರ ದಾರಿ. ಪಕ್ಕದಲ್ಲಿ ದೋಣಿ ಕಂಡರೆ "ಅಣ್ಣಾ, ರಾತ್ರಿ ಇಲ್ಲಿ ಬಲೆ ಬಿಡ್ತೀರಾ?" ಎಂದು ಕೇಳಿಬಿಡುವುದು ಒಳ್ಳೆಯದು. ಇದು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ.

ಜಾಗ ಒಪ್ಪಿಗೆಯಾದರೂ ತಕ್ಷಣ ಲಂಗರು ಬಿಡುವುದಿಲ್ಲ. 50 ಮೀಟರ್ ಸುತ್ತಳತೆಯಲ್ಲ, 50 ಮೀಟರ್ ತ್ರಿಜ್ಯದಲ್ಲಿ ಒಂದು ಸುತ್ತು ಹಾಕಿ ಆಳ ನೋಡುತ್ತೇನೆ. ಸಂಜೆ ದೋಣಿ ದಂಡೆಯ ಕಡೆಗೆ, ಅಂದರೆ ಕಡಿಮೆ ಆಳಕ್ಕೆ ಸರಿದು ನಿಂತಿರುತ್ತದೆ. ಇಳಿತದ ಹೊತ್ತಿಗೂ ಅಲ್ಲಿ 2.5 ಮೀಟರ್ ಉಳಿಯಬೇಕು. ಲಂಗರು ಜಾರಿದರೆ ಸಂಜೆ ಹೋಗುವುದು ದಂಡೆಗೆ. ಈಶಾನ್ಯದ ನೆಲಗಾಳಿಯಲ್ಲಿ ಜಾರಿದರೆ ಬಂದರಿನ ತಡೆಗೋಡೆ ಮತ್ತು ಹಡಗುಗಳ ದಾರಿಯ ಕಡೆಗೆ. ಎರಡೂ ಕಡೆ ಕನಿಷ್ಠ 150 ಮೀಟರ್ ಖಾಲಿ ನೀರು ಇರಲಿ.

ಇನ್ನು ಚೈನು ಎಷ್ಟು? ಆಳದ ಯಂತ್ರ 4.0 ತೋರಿಸಿತು ಎನ್ನಿ. ನನ್ನ ದೋಣಿಯಲ್ಲಿ ಅದರ ಸಂವೇದಕ ನೀರಿನ ಮಟ್ಟದಿಂದ 0.4 ಮೀಟರ್ ಕೆಳಗಿದೆ, ಅದನ್ನು ಸೇರಿಸಬೇಕು. ಚೈನು ಹಾದು ಇಳಿಯುವ ಮೂತಿಯ ರೋಲರ್ ನೀರಿನಿಂದ 1.1 ಮೀಟರ್ ಮೇಲೆ. ಹುಣ್ಣಿಮೆ-ಅಮಾವಾಸ್ಯೆಯ ಹತ್ತಿರ ಇಲ್ಲಿ ಭರತ-ಇಳಿತದ ವ್ಯತ್ಯಾಸ ಒಂದೂವರೆಯಿಂದ ಎರಡು ಮೀಟರ್. ನೀರು ಇನ್ನೂ ಏರಬೇಕಾದದ್ದು 1.5 ಎಂದರೆ ಒಟ್ಟು 7 ಮೀಟರ್. ಬರೀ ಚೈನಾದರೆ ಅದರ ಐದು ಪಟ್ಟು, 35 ಮೀಟರ್. ಹಗ್ಗವೇ ಹೆಚ್ಚಿದ್ದರೆ ಏಳು ಪಟ್ಟು. ರೋಲರಿನ ಎತ್ತರ ಮತ್ತು ಭರತವನ್ನು ಮರೆತು 4ನ್ನು ಐದರಿಂದ ಗುಣಿಸಿದವರು 20 ಮೀಟರ್ ಬಿಟ್ಟಿರುತ್ತಾರೆ. ಭರತದ ಹೊತ್ತಿಗೆ ಅದು ಮೂರು ಪಟ್ಟಿಗೂ ಕಡಿಮೆ. ಚೈನು ಮೇಲಕ್ಕೆಳೆದಷ್ಟೂ ಲಂಗರಿನ ತುದಿ ಕೆಸರಿನಿಂದ ಏಳುತ್ತದೆ.

ಗಾಳಿಗೆ ಎದುರಾಗಿ ನಿಧಾನ ಹೋಗಿ, ದೋಣಿ ನಿಂತು ಹಿಂದೆ ಸರಿಯಲು ಶುರುವಾದಾಗ ಲಂಗರು ಇಳಿಸಬೇಕು. ಒಮ್ಮೆಗೇ ಸುರಿದರೆ ಚೈನು ಲಂಗರಿನ ಮೇಲೆಯೇ ಗುಡ್ಡೆಯಾಗುತ್ತದೆ. ತಳಕ್ಕೆ ಮುಟ್ಟಿದ ಕ್ಷಣ, ದೋಣಿ ಜಾಗ ಬಿಟ್ಟು ದೂರ ಹೋದರೆ ಕೂಗುವ ಜಿಪಿಎಸ್ ಅಲಾರಂನಲ್ಲಿ ಆ ಜಾಗವನ್ನು ಗುರುತು ಮಾಡುತ್ತೇನೆ. ದೋಣಿ ನಿಂತ ಮೇಲೆ ಗುರುತು ಮಾಡಿದರೆ, ಗಾಳಿ ತಿರುಗಿದ ಕೂಡಲೇ ಸುಳ್ಳು ಅಲಾರಂ ಹೊಡೆದು ನಿದ್ದೆ ಹಾಳು. ಇಲ್ಲಿಯ ತಳ ಮೆತ್ತನೆ ಕೆಸರು, ಆದ್ದರಿಂದ ಪೂರ್ತಿ ಚೈನು ಬಿಟ್ಟ ಮೇಲೆ 15 ನಿಮಿಷ ಸುಮ್ಮನಿರುತ್ತೇನೆ, ಲಂಗರು ತನ್ನ ಭಾರಕ್ಕೆ ಹೂತುಕೊಳ್ಳಲಿ. ಆಮೇಲೆ ರಿವರ್ಸಿನಲ್ಲಿ 1000 ಆರ್‌ಪಿಎಂನಿಂದ ಮೆಲ್ಲಗೆ 2000ಕ್ಕೆ ಏರಿಸಿ ಅರ್ಧ ನಿಮಿಷ ಹಿಡಿಯುವುದು. ಒಂದು ಕೈ ಚೈನಿನ ಮೇಲಿರಲಿ. ಗಡಗಡ ಅದುರಿದರೆ ಜಾರುತ್ತಿದೆ. ತಂತಿಯಂತೆ ಬಿಗಿದು ನಿಂತರೆ ಹಿಡಿದಿದೆ. ಎರಡು ಸಲ ಹಿಡಿಯದಿದ್ದರೆ ಮೇಲೆತ್ತಿ ನೋಡಿ, ತುದಿಗೆ ಪ್ಲಾಸ್ಟಿಕ್ಕೋ ಹರಿದ ಬಲೆಯೋ ಸುತ್ತಿಕೊಂಡಿರುತ್ತದೆ.

ಡ್ಯಾನ್‌ಫರ್ತ್ ಮಾದರಿಯ ಲಂಗರು ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ ನಿಜ. ಆದರೆ ದೋಣಿ ಅರ್ಧ ಸುತ್ತು ತಿರುಗಿದಾಗ ಚೈನು ಅದರ ಅಡ್ಡಕಂಬಿಗೆ ತೊಡರಿ ಕಿತ್ತುಕೊಂಡು ಬರಬಹುದು. ಹಾಗಾಗಿ ಈ ಕೊಲ್ಲಿಗೆ ಅದು ನನಗೆ ಬೇಡ. ಒಳ್ಳೆಯ ಲಂಗರೂ ತಿರುವಿನಲ್ಲಿ ಬಿಟ್ಟುಕೊಂಡು ಮತ್ತೆ ಹೂತುಕೊಳ್ಳಬೇಕಾಗುತ್ತದೆ. ಅದಕ್ಕೇ ನೆಲಗಾಳಿ ಶುರುವಾದ ಮೇಲೆ ಎದ್ದು ಅರ್ಧ ಗಂಟೆ ನೋಡುವುದು ರೂಢಿ: ದಂಡೆಯ ಎರಡು ದೀಪಗಳನ್ನು ಒಂದರ ಹಿಂದೆ ಒಂದು ಸಾಲು ಹಿಡಿದು, ಆ ಸಾಲು ಒಡೆಯುತ್ತಲೇ ಹೋಗುತ್ತದೆಯೇ ಎಂದು. ಗಾಳಿ ಸತ್ತಿರುವ ನಡುವಿನ ಹೊತ್ತಿನಲ್ಲಿ ಪಶ್ಚಿಮದ ಅಲೆ ಮಗ್ಗುಲಿಗೆ ಹೊಡೆದು ದೋಣಿ ವಿಪರೀತ ಹೊರಳುತ್ತದೆ. ಪಾತ್ರೆ-ಪಗಡ ಮೊದಲೇ ಕಟ್ಟಿಡಿ. ಹಿಂದಿನಿಂದ ಎರಡನೇ ಲಂಗರು ಹಾಕುವ ಆಸೆ ಬೇಡ. ಉಳಿದ ದೋಣಿಗಳೆಲ್ಲ ತಿರುಗುವಾಗ ನಮ್ಮದೊಂದೇ ಅಡ್ಡ ನಿಲ್ಲುತ್ತದೆ.

ಚೈನಿನ ಎಳೆತ ನೇರ ದೋಣಿಗೆ ಬೀಳದಂತೆ 12 ಮಿ.ಮೀ. ನೈಲಾನ್ ಹಗ್ಗ 8 ಮೀಟರ್, ಒಂದು ತುದಿಯನ್ನು ಚೈನಿಗೆ ಕೊಕ್ಕೆ ಹಾಕಿ ಇನ್ನೊಂದನ್ನು ದೋಣಿಗೆ ಕಟ್ಟುತ್ತೇನೆ. ಅಂಚಿಗೆ ಉಜ್ಜುವ ಕಡೆ ಹಳೆಯ ಪೈಪಿನ ತುಂಡು ತೊಡಿಸದಿದ್ದರೆ ಬೆಳಗಿನೊಳಗೆ ಹಗ್ಗ ಸವೆಯುತ್ತದೆ.

ಸುತ್ತಲೂ ಕಾಣುವ, 2 ನಾಟಿಕಲ್ ಮೈಲಿಗೆ ಸಾಲುವ ಬಿಳಿ ದೀಪ ನಿಯಮದ್ದು. ಹಗಲಿಗೆ ಕಪ್ಪು ಚೆಂಡು. ಕಂಬದ ತುದಿಯ ದೀಪ ಹತ್ತಿರ ಬಂದ ಬೋಟಿನವರ ಕಣ್ಣಿಗೆ ನಕ್ಷತ್ರದಂತೆ ಮೇಲೆ ಹೋಗಿಬಿಡುತ್ತದೆ. ಹಿಂಬದಿಯಲ್ಲಿ ಆಳೆತ್ತರಕ್ಕೆ ಇನ್ನೊಂದು ಸಣ್ಣ ದೀಪ ಇಡುತ್ತೇನೆ. ಲಂಗರಿನ ಮೇಲೆ ತೇಲುಬುರುಡೆ ಮಾತ್ರ ಬಿಡುವುದಿಲ್ಲ, ಅದರ ಹಗ್ಗ ಯಾರದಾದರೂ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ಬೆಳಿಗ್ಗೆ ಎಂಜಿನ್ನಿನಲ್ಲಿ ಮೆಲ್ಲಗೆ ಮುಂದೆ ಸರಿದು ಚೈನು ನೆಟ್ಟಗಾಗುವವರೆಗೆ ಎಳೆದು, ಕಟ್ಟಿ, ಎರಡು ನಿಮಿಷ ಕಾಯಬೇಕು. ಅಲೆಯೇ ದೋಣಿಯನ್ನೆತ್ತಿ ಲಂಗರನ್ನು ಕೀಳುತ್ತದೆ, ಸೊಂಟಕ್ಕೆ ಕೆಲಸವಿಲ್ಲ. ಆಮೇಲೆ ಕೈಯಲ್ಲಿ ಬರುವುದು ಲಂಗರು, ತೂಗುವ ಚೈನು ಸೇರಿ 23 ಕೆಜಿಯ ಹತ್ತಿರ, ಕೆಸರು ಬೇರೆ. ಪ್ರತಿ ಮೀಟರನ್ನೂ ಬ್ರಷ್ಷು, ಬಕೆಟ್ ನೀರಿನಲ್ಲಿ ತೊಳೆದೇ ಒಳಗೆ ಬಿಡಿ. ಆ ಕಪ್ಪು ಕೆಸರು ಚೈನಿನ ಪೆಟ್ಟಿಗೆಯಲ್ಲಿ ಒಣಗಿದರೆ ವಾರವಾದರೂ ಮಲಗುವ ಕೋಣೆಯಿಂದ ವಾಸನೆ ಹೋಗುವುದಿಲ್ಲ.