ಹಳೇ ಮೂಳೇಲಿ ಮಕ್ಕಳ ಆರೋಗ್ಯ ಓದೋದು ಹೇಗೆ? ಮೊದ್ಲು ಹಲ್ಲು ನೋಡಿ

ಆರ್ಕಿಯಾಲಜಿ ಓದ್ತಿರೋ ನಮ್ ಕೋಲಾರ, ಚಿಂತಾಮಣಿ ಕಡೆ ಹುಡುಗ್ರು ಕೇಳ್ತಿರ್ತಾರೆ, ಸಾವಿರಾರು ವರ್ಷದ ಹಿಂದಿನ ಮಗು ಸರಿಯಾಗಿ ಬೆಳೀತಿತ್ತಾ, ಕಾಯಿಲೆ ಬಿದ್ದಿತ್ತಾ ಅಂತ ಮೂಳೆ ನೋಡಿ ಹೇಳಕ್ಕಾಗುತ್ತಾ ಅಂತ. ಆಗುತ್ತೆ. ಆದ್ರೆ ಹೊಲ ಉಳೋವಾಗ್ಲೋ ಪಾಯ ತೆಗೆಯೋವಾಗ್ಲೋ ಮೂಳೆ ಸಿಕ್ರೆ ನೀವೇ ಕೈ ಹಾಕಕ್ಕೆ ಹೋಗ್ಬೇಡಿ, ಪೊಲೀಸ್ರಿಗೆ ತಿಳ್ಸಿ, ಅಗೆಯೋದು ಲೈಸೆನ್ಸ್ ಇರೋರ ಕೆಲ್ಸ. ಕಲಿಯೋದು ಆಗ್ಲೇ ತೆಗ್ದಿಟ್ಟಿರೋ ಕಲೆಕ್ಷನ್ ಮೇಲೆ.

ಡಿಗ್‌ನಲ್ಲಿ, ಅಂದ್ರೆ ಅಗೆತದ ಕೆಲ್ಸದಲ್ಲಿ, ಸೇರ್ಕೊಳ್ಳೋ ಚಾನ್ಸ್ ಸಿಕ್ರೆ ಜರಡಿ ಹತ್ರ ನಿಂತ್ಕೊಳ್ಳಿ. ಮಕ್ಕಳ ಉದ್ದ ಮೂಳೆಗಳ ತುದಿ ಬೆಳವಣಿಗೆ ಮುಗಿಯೋವರ್ಗೂ ಕೂಡಿರಲ್ಲ, ಬಿಡಿಬಿಡಿ ಚೂರು, ನೋಡಕ್ಕೆ ಥೇಟ್ ಬೆಣಚುಕಲ್ಲು, ಎಷ್ಟೋ ಜನ ಎಸ್ದೇ ಬಿಡ್ತಾರೆ. ಮಹಾರಾಷ್ಟ್ರದ ಇನಾಮ್‌ಗಾಂವ್ ಅನ್ನೋ ಪುರಾತನ ಊರಿನ ಸೈಟಲ್ಲಿ ಎಳೇ ಮಕ್ಕಳನ್ನ ಎರಡು ಮಡಕೆ ಬಾಯಿಗೆ ಬಾಯಿ ಸೇರ್ಸಿ ಮನೆ ನೆಲದಡೀಲೇ ಹೂಳ್ತಿದ್ರು, ಅಂಥ ಕಡೆ ಮಡಕೆ ಒಳಗಿನ ಮಣ್ಣೂ ಪೂರ್ತಿ ಸಣ್ಣ ಜರಡಿಗೆ ಹೋಗ್ಬೇಕು.

ಈಗ ವಯಸ್ಸು. ಇದಕ್ಕೆ ಹಲ್ಲೇ ಗತಿ, ಯಾಕಂದ್ರೆ ಊಟ ಕಮ್ಮಿಯಾದ್ರೆ ಮೂಳೆ ಬೆಳೆಯೋದು ನಿಧಾನ ಆಗುತ್ತೆ, ಹಲ್ಲು ಅಷ್ಟಾಗಿ ನಿಲ್ಲಲ್ಲ. 20 ಹಾಲುಹಲ್ಲು ಮೂರು ವರ್ಷದೊಳಗೆ ಬಂದಿರುತ್ತೆ, ಮೊದಲ ಪರ್ಮನೆಂಟ್ ದವಡೆಹಲ್ಲು ಆರರ ಹೊತ್ತಿಗೆ, ಎರಡನೇದು ಹನ್ನೆರಡರ ಹೊತ್ತಿಗೆ. ಹೊರಗೆ ಕಾಣೋದಷ್ಟೇ ಅಲ್ಲ, ಎಕ್ಸ್‌ರೇ ತೆಗ್ಸಿ ದವಡೆ ಒಳಗೆ ಬೇರು ಎಷ್ಟು ಬೆಳೆದಿದೆ ನೋಡಿ, ಅದೇ ಹೆಚ್ಚು ಗಟ್ಟಿ ಲೆಕ್ಕ.

ಆಮೇಲೆ ತೊಡೆ ಮೂಳೆ ಅಳೀರಿ, ಕೂಡದ ತುದಿ ಬಿಟ್ಟು ಬರೀ ನಡುಭಾಗ. ಹಲ್ಲು ಆರು ವರ್ಷ ಅಂತಿದ್ದು ಮೂಳೆ ನಾಲ್ಕು ವರ್ಷದ ಮಗುವಿನಷ್ಟಿದ್ರೆ ಬೆಳವಣಿಗೆ ಹಿಂದೆ ಬಿದ್ದಿದೆ ಅಂತ. ನಿಮಗೆ ಬೇಕಾಗಿರೋದು ಈ ಗ್ಯಾಪೇ. ಗಂಡಾ ಹೆಣ್ಣಾ ಅಂತ ಮಾತ್ರ ಮೂಳೆ ಆಕಾರ ನೋಡಿ ಬರೀಬೇಡಿ, ಪ್ರಾಯಕ್ಕೆ ಬರೋ ಮುಂಚೆ ಅದು ನಂಬೋ ಹಾಗಿರಲ್ಲ, ಡಿಎನ್‌ಎ ಇಲ್ಲಾ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಪ್ರೋಟೀನ್ ಟೆಸ್ಟೇ ಆಗ್ಬೇಕು.

ಇನ್ನು ನಂಗೆ ತುಂಬಾ ಇಷ್ಟದ ಭಾಗ, ಎನಾಮಲ್ ಗೆರೆ. ಕೋರೆಹಲ್ಲನ್ನ ಪಕ್ಕದಿಂದ ಬೆಳಕು ಬೀಳೋ ಹಾಗೆ ಹಿಡ್ದು 10x ಲೆನ್ಸ್‌ನಲ್ಲಿ ನಿಧಾನಕ್ಕೆ ಓರೆ ಮಾಡಿ, ಅಡ್ಡಡ್ಡ ತಗ್ಗು ಕಾಣುತ್ತೆ, ಆಳವಾಗಿದ್ರೆ ಉಗುರಿಗೂ ಸಿಗುತ್ತೆ. ಎನಾಮಲ್ ಆಗ್ತಿದ್ದಾಗ ಜೋರು ಜ್ವರವೋ ಉಪವಾಸವೋ ಬಂದಿದ್ರೆ ಬೀಳೋ ಗುರುತು ಅದು, ಆಮೇಲೆ ವಾಸಿ ಆಗಲ್ಲ. ಎನಾಮಲ್ ಮುಗಿದು ಬೇರು ಶುರುವಾಗೋ ಅಂಚಿಂದ ಗೆರೆವರ್ಗೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದ್ರೆ ಸುಮಾರು ಯಾವ ವಯಸ್ಸಲ್ಲಿ ಕಷ್ಟ ಬಂತು ಅಂತ ಸಿಗುತ್ತೆ. ಆದ್ರೆ ನಮ್ ಜಿಲ್ಲೆ, ಆ ಕಡೆ ಪಾವಗಡ, ಎಲ್ಲಾ ಬೋರ್‌ವೆಲ್ ಫ್ಲೋರೈಡ್ ಸೀಮೆ ಅಲ್ವಾ, ಫ್ಲೋರೈಡ್ ಹಲ್ಲಲ್ಲಿ ಮಂಕು ಬಿಳಿ ಮಚ್ಚೆ, ಕಂದು ಬಣ್ಣ, ಗುಳಿ ಎಡಕ್ಕೂ ಬಲಕ್ಕೂ ಒಂದೇ ಸಮ ಹರಡಿರುತ್ತೆ, ಅದು ಬೇರೆ, ಗೆರೆಯಾಗಿ ಓಡೋ ತಗ್ಗು ಬೇರೆ, ಮಣ್ಣಿನ ಕಲೆ ಇನ್ನೂ ಬೇರೆ. ಮೂರಕ್ಕೂ ಬೇರೆ ಬೇರೆ ಕಾಲಂ ಹಾಕ್ಕೊಳ್ಳಿ.

ಕಣ್ಣುಗೂಡಿನ ಮೇಲ್ಛಾವಣೀಲಿ ಸಣ್ಣ ತೂತುಗಳಿದ್ರೆ ರಕ್ತಹೀನತೆ ಇರಬಹುದು, ಬರೀ ಕಬ್ಬಿಣದ ಕೊರತೆ ಅಂತ ಹಿಂದೆ ಬರೀತಿದ್ರು, ಈಗ ಯಾರೂ ಅಷ್ಟು ಸಲೀಸಾಗಿ ಒಪ್ಪಲ್ಲ. ಬಗ್ಗಿದ ಕಾಲುಮೂಳೆ ಅಂದ್ರೆ ರಿಕೆಟ್ಸ್ (ವಿಟಮಿನ್ ಡಿ ಕಮ್ಮಿಯಾಗಿ ಮೂಳೆ ಮೆತ್ತಗಾಗೋ ಕಾಯಿಲೆ) ಸಂಶಯ, ಆದ್ರೆ ಮಣ್ಣಿನ ಭಾರಕ್ಕೂ ಮೂಳೆ ಬಗ್ಗುತ್ತೆ.

ಕೊನೇಗೆ ಲೆಕ್ಕ ಹಾಕೋವಾಗ ಒಂದ್ ತೊಡಕಿದೆ, 1992ರಿಂದ ಇದರ ಮೇಲೆ ದೊಡ್ಡ ಚರ್ಚೆ. ನಿಮ್ಮ ಮುಂದಿರೋವು ಸತ್ತ ಮಕ್ಕಳು, ಊರಲ್ಲಿ ಬದುಕುಳಿದ ಮಕ್ಕಳಲ್ಲ. ಮೇಲಾಗಿ ಗೆರೆ ಬೀಳ್ಬೇಕಾದ್ರೆ ಮಗು ಆ ಕಾಯಿಲೆ ದಾಟಿ ಬದುಕಿರ್ಬೇಕು, ಅದೇ ವಾರ ಹೋಗಿಬಿಟ್ಟ ಮಗುವಿನ ಹಲ್ಲು ನುಣ್ಣಗೇ ಇರುತ್ತೆ. ಹಾಗಾಗಿ ಅದೇ ಸೈಟಿನ ದೊಡ್ಡವರ ಹಲ್ಲನ್ನೂ ತಗೊಂಡು, ಗೆರೆ ಇರೋರು ಎಷ್ಟು ವಯಸ್ಸಿಗೆ ಸತ್ರು, ಇಲ್ಲದೋರು ಎಷ್ಟಕ್ಕೆ ಅಂತ ಪಕ್ಕಪಕ್ಕ ಇಟ್ಟು ನೋಡಿ.